ಅಮ್ಮನ ಫೋನ್ ಈಗ ಸ್ವಿಚ್ ಆಫ್ ಆಗುವುದಿಲ್ಲ: ನನ್ನ ಅನುಭವ

ಫೋನ್ ಬ್ಯಾಟರಿ ನೋಡೋಕೆ ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಸಾಫ್ಟ್‌ವೇರ್) ಯಾಕೆ, ಫೋನೇ ಎಚ್ಚರಿಸುತ್ತಲ್ವಾ ಅಂತ ಗೆಳೆಯರೆಲ್ಲ ಕೇಳಿದ್ದರು. ಸರಿ, ಆದರೆ ಅಮ್ಮ ಫೋನನ್ನು ಬೀರು ಮೇಲೆ ಇಟ್ಟು ಮರೆತುಬಿಡುತ್ತಾಳೆ. ಆ ಎಚ್ಚರಿಕೆ ನೋಡುವವರು ಯಾರು? ಈಗ ನಾಲ್ಕು ತಿಂಗಳ ಹತ್ತಿರ ಆಯಿತು, ಅವಳ ಫೋನ್ ಒಂದು ಸಲವೂ ಆಫ್ ಆಗಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಅಮ್ಮನ ಫೋನಿಗೆ ಹೋಮ್ ಅಸಿಸ್ಟೆಂಟ್‌ನ ಕಂಪ್ಯಾನಿಯನ್ ಆಪ್ ಹಾಕಿ, ಬ್ಯಾಟರಿ ಲೆವೆಲ್ 20ಕ್ಕಿಂತ ಕೆಳಗೆ ಹೋದರೆ ಸ್ಪೀಕರ್‌ನಲ್ಲಿ ಹೇಳು ಅಂತ ಆಟೊಮೇಶನ್ ಬರೆದೆ. ಅದು 20 ದಾಟುವಾಗ ಒಂದೇ ಸಲ ಕೂಗುತ್ತೆ. 19, 18, 12 ಆದರೂ ಮತ್ತೆ ತುಟಿ ಬಿಚ್ಚುವುದಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮುಗೀತು. ಅದಕ್ಕೇ ಅರ್ಧ ಗಂಟೆಗೊಮ್ಮೆ ನೋಡುವ ಹಾಗೆ ಬದಲಿಸಿದೆ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಡ್ಯಾಶ್‌ಬೋರ್ಡ್‌ನಲ್ಲಿ 34 ಅಂತ ತೋರಿಸುತ್ತಿತ್ತು, ನಾನೂ ನಿಶ್ಚಿಂತೆಯಿಂದ ಇದ್ದೆ, ಕಾಲ್ ಮಾಡಿದರೆ ಫೋನ್ ಸ್ವಿಚ್ ಆಫ್. ಹಿಸ್ಟರಿ ತೆಗೆದು ನೋಡಿದರೆ ಆರು ಗಂಟೆಯಿಂದ ಗೆರೆ ನೆಟ್ಟಗೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಅಲ್ಲಾಡದೆ ಬಿದ್ದಿರುವ ಆಂಡ್ರಾಯ್ಡ್ ಫೋನ್ ಡೋಜ್‌ಗೆ, ಅಂದರೆ ಬ್ಯಾಟರಿ ಉಳಿಸುವ ನಿದ್ದೆಗೆ, ಜಾರುತ್ತೆ, ಆಪ್ ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತೆ. ಆಪ್‌ಗೆ ಬ್ಯಾಟರಿ ಆಪ್ಟಿಮೈಸೇಶನ್ ತೆಗೆದುಹಾಕಿದ್ದೆ, ಆದರೂ ಆ ಫೋನಿನಲ್ಲಿ ಆಪ್‌ಗಳನ್ನು ಮಲಗಿಸುವ ಕಂಪನಿಯವರದ್ದೇ ಇನ್ನೊಂದು ಸೆಟ್ಟಿಂಗ್ ಮೂರು ಮೆನು ಒಳಗೆ ಅಡಗಿ ಕೂತಿತ್ತು.

ಅವತ್ತಿನಿಂದ ನಾನು ಪರ್ಸೆಂಟ್‌ಗಿಂತ ಅದರ ವಯಸ್ಸನ್ನು, ಅಂದರೆ ಆ ಅಂಕಿ ಬಂದು ಎಷ್ಟು ಹೊತ್ತಾಯಿತು ಅನ್ನುವುದನ್ನು, ಜಾಸ್ತಿ ನೋಡುತ್ತೇನೆ. ಅಂಕಿ ಹಳೆಯದಾದರೆ 'ಕಮಾಂಡ್ ಅಪ್‌ಡೇಟ್ ಸೆನ್ಸರ್ಸ್' ಅನ್ನುವ ನೋಟಿಫಿಕೇಶನ್ ಕಳಿಸುತ್ತೇನೆ, ಪ್ರಯಾರಿಟಿ ಹೈ, ಟಿಟಿಎಲ್ (ಸಂದೇಶ ಎಷ್ಟು ಹೊತ್ತು ಕಾಯಬಹುದು ಅನ್ನುವ ಲೆಕ್ಕ) ಸೊನ್ನೆ. ಮಲಗಿದ ಫೋನ್ ಎದ್ದು ಹೊಸ ಅಂಕಿ ಕೊಡುತ್ತೆ. ಆಗಲೂ ಅಂಕಿ ಬದಲಾಗದಿದ್ದರೆ ಹಾಲ್‌ನ ಬಲ್ಬ್ ಕೆಂಪಾಗುತ್ತೆ. ಮೊದಲು ಗಡುವು ಅರ್ಧ ಗಂಟೆ ಇಟ್ಟಿದ್ದೆ, ರಾತ್ರಿಯಿಡೀ ಬಲ್ಬ್ ಕೆಂಪು. ಸುಮ್ನೆ ಬಿದ್ದಿರುವ ಫೋನ್ ಒಂದು ಪರ್ಸೆಂಟ್ ಇಳಿಯೋಕೂ ಹೊತ್ತು ಬೇಕಲ್ವಾ. ಮೂರು ಗಂಟೆ ಮಾಡಿದ ಮೇಲೆ ಸುಳ್ಳು ಎಚ್ಚರಿಕೆ ನಿಂತಿತು.

ಇದೇ ಹುಚ್ಚಲ್ಲಿ ಗೋಡೆಯ ಟ್ಯಾಬ್ಲೆಟ್‌ಗೂ ಕೈ ಹಾಕಿದೆ. ಹಗಲೂ ರಾತ್ರಿ ಚಾರ್ಜರ್‌ನಲ್ಲೇ ಇದ್ದು ಅದರ ಬ್ಯಾಟರಿ ಊದಿಕೊಂಡಿತ್ತು. ಪರದೆಯ ಒಂದು ಮೂಲೆ ಎದ್ದು, ಸಂದಿಯಿಂದ ಬೆಳಕು ಕಾಣುತ್ತಿತ್ತು. ಬ್ಯಾಟರಿ ಬದಲಿಸಿ ಸ್ಮಾರ್ಟ್ ಪ್ಲಗ್ ಹಾಕಿದೆ: 30ಕ್ಕೆ ಆನ್, 80ಕ್ಕೆ ಆಫ್. ಮೊದಲು ತಂದ ಅಗ್ಗದ ವೈಫೈ ಪ್ಲಗ್ ವಾರಕ್ಕೆರಡು ಸಲ ನೆಟ್‌ವರ್ಕ್ ಬಿಟ್ಟು ಹೋಗುತ್ತಿತ್ತು, ಆ ದುಡ್ಡು ನೀರಿಗೆ ಹಾಕಿದ ಹಾಗೆ. ಆಮೇಲೆ ಝಿಗ್ಬಿ (ವೈಫೈ ಬದಲು ಬೇರೆ ವೈರ್‌ಲೆಸ್ ಜಾಲದಲ್ಲಿ ಮಾತಾಡುವ) ಪ್ಲಗ್, ಅದರ ಜೊತೆ ಮಾತಾಡೋಕೆ ಹೋಮ್ ಅಸಿಸ್ಟೆಂಟ್‌ಗೆ ಚುಚ್ಚುವ ಒಂದು ಡಾಂಗಲ್. ಎಲ್ಲ ಸೇರಿ ಆ ಟ್ಯಾಬ್ಲೆಟ್‌ನ ಅರ್ಧ ಬೆಲೆ ಹೋಗಿರಬೇಕು. ಬ್ಯಾಟರಿ ಬದಲಿಸಿದ್ದು ಇದರಲ್ಲಿ ಸೇರಿಲ್ಲ. ಪ್ಲಗ್ ಕೊಳ್ಳುವವರು ವಾಟ್ ಅಳೆಯುವಂಥದ್ದನ್ನೇ ತಗೊಳ್ಳಿ. ಟ್ಯಾಬ್ಲೆಟ್ ಬಾಯಿ ಮುಚ್ಚಿಕೊಂಡಾಗಲೂ ಚಾರ್ಜ್ ಆಗ್ತಿದೆಯೋ ಇಲ್ಲವೋ ಪ್ಲಗ್ ಹೇಳುತ್ತೆ.

ಈಗ ರಾತ್ರಿ ಹತ್ತಕ್ಕೆ ಇಳಿಯುವ ವೇಗ ನೋಡಿ, ಫೋನ್ ಬೆಳಗಿನವರೆಗೆ ಬರುತ್ತೋ ಇಲ್ಲವೋ ಅಂತ ಹೇಳಿಸುತ್ತಿದ್ದೇನೆ. ಹತ್ತು ಸಲಕ್ಕೆ ಎಂಟೊಂಬತ್ತು ಸಲ ಸರಿ ಬರುತ್ತಿದೆ. ಆ ಲೆಕ್ಕ ಹಾಕುವ ಟೆಂಪ್ಲೇಟ್ (ಪುಟ್ಟ ಕೋಡ್) ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.