‘ಅವಳನ್ನ ನೋಡಿ ಕಲೀರಿ’ ಅಂದ ಮೇಲೆ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಲೈನ್ ಸೂಪರ್‌ವೈಸರ್. ಹೆಲ್ಪರಾಗಿ ಸೇರಿ ದಾರ ಕತ್ತರಿಸುತ್ತಿದ್ದವಳು. ಎಲ್ಲರೆದುರು ಬೈಸಿಕೊಂಡರೆ ಹೇಗಿರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಯಾರನ್ನೂ ಹೆಸರು ಹಿಡಿದು ಬೈಯುತ್ತಿರಲಿಲ್ಲ. ಹೊಗಳಿದರೆ ಏನಾಗುತ್ತೆ ಅಂದುಕೊಂಡೆ ನೋಡಿ, ಎಡವಿದ್ದು ಅಲ್ಲೇ.

ಮಾಗಡಿ ಕಡೆಯ ಹುಡುಗಿಯೊಬ್ಬಳು ಕಾಲರ್ ಕೂರಿಸುತ್ತಿದ್ದಳು. ಕೈ ಅಂದ್ರೆ ಅದು ಕೈ. ಒಂದು ಸೋಮವಾರ ಎಲ್ಲರನ್ನೂ ನಿಲ್ಲಿಸಿ, ‘ಅವಳನ್ನ ನೋಡಿ ಕಲೀರಿ, ಒಂದು ಪೀಸೂ ವಾಪಸ್ ಬರಲ್ಲ’ ಅಂದೆ. ಚಪ್ಪಾಳೆ ಬೇರೆ ಹೊಡೆಸಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆ ಅಂದುಕೊಂಡೆ.

ಶರ್ಟ್ ಲೈನಿನಲ್ಲಿ ಶೋಲ್ಡರ್ ಆದರೆ ಕಾಲರ್, ಕಾಲರ್ ಆದರೆ ತೋಳು. ಒಬ್ಬಳು ಬಾತ್‌ರೂಮಿಗೆ ಎದ್ದರೆ ಪಕ್ಕದವಳು ಅವಳ ಮೆಷಿನ್ನಿಗೆ ಕೂತು ನಾಲ್ಕು ಪೀಸ್ ಓಡಿಸಿಕೊಡುತ್ತಾಳೆ. ಇದು ಯಾವ ಲೆಕ್ಕದಲ್ಲೂ ಇಲ್ಲ, ಆದರೆ ಗಂಟೆಯ ಟಾರ್ಗೆಟ್ ಮುಟ್ಟೋದು ಇದರಿಂದಲೇ. ಆ ವಾರ ಕಾಲರ್ ಹುಡುಗಿಯೊಬ್ಬಳಿಗೆ ಇದು ನಿಂತುಹೋಯಿತು. ಎದ್ದು ಬರುವಷ್ಟರಲ್ಲಿ ಬಂಡಲ್ ಗುಡ್ಡೆ. ಶೋಲ್ಡರ್ ಹೊಲಿಗೆ ಎಳೆದುಕೊಂಡು ಬಂದರೆ ಮೊದಲು ‘ಕೊಡೇ, ಬಿಚ್ಚಿ ಹಾಕ್ತೀನಿ’ ಅನ್ನುತ್ತಿದ್ದ ಶೋಲ್ಡರಿನವಳು ಈಗ ‘ಹೋಗಿ ಮೇಡಂಗೆ ಹೇಳು’ ಅಂದಳು. ಕಾಲರ್ ಹುಡುಗಿ ನನ್ನ ಹತ್ತಿರ ಚಾಡಿ ಹೇಳ್ತಾಳೆ ಅಂತಲೂ ಮಾತಾಗಿತ್ತಂತೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬಳೇ ಡಬ್ಬಿ ಬಿಚ್ಚಿ ಕೂತಿದ್ದಳು. ಹೋಗಿ ಕೇಳಿದರೆ, ‘ಅಕ್ಕಾ, ಬೇಕಾದ್ರೆ ಬೈದುಬಿಡಿ, ಹೊಗಳಬೇಡಿ’ ಅಂದಳು. ನನ್ನ ಹೊಗಳಿಕೆ ಉಳಿದ ಮೂವತ್ತು ಜನಕ್ಕೆ ಬೈಗುಳವಾಗಿ ಕೇಳಿಸಿತ್ತು.

2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಲು ಹೊರಟಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದಿದ್ದರಲ್ಲ, ಮುಂದಾಳು ಅಂತ ತೋರಿಸೋಕೆ ಒಬ್ಬಳೂ ಇರಲಿಲ್ಲ. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅಂಥ ಜನದ ನಡುವೆಯೇ ಇದ್ದು ನಾನು ಒಬ್ಬಳ ಕಡೆ ಬೆರಳು ಮಾಡಿದ್ದೆ.

ಈಗ ಬೋರ್ಡಿನಲ್ಲಿ ಲೈನಿನ ಲೆಕ್ಕ ಮಾತ್ರ ಬರೆಯುತ್ತೇನೆ. ತಿದ್ದೋಕೆ ಅಂತ ಆಲ್ಟ್ರೇಶನ್‌ಗೆ ವಾಪಸ್ ಬಂದ ಪೀಸನ್ನು ಮೇಲೆತ್ತಿ ಕೂಗದೆ, ಹೊಲಿದವಳ ಮೆಷಿನ್ ಪಕ್ಕ ಕೂತು ಹೊಲಿಗೆ ಬಿಚ್ಚುತ್ತೇನೆ. ಮೆಚ್ಚುಗೆಯನ್ನೂ ಅಲ್ಲೇ, ಮೆಷಿನ್ ಸದ್ದಿನಲ್ಲಿ ಅವಳಿಗಷ್ಟೇ ಕೇಳುವ ಹಾಗೆ ಹೇಳುತ್ತೇನೆ. ಕಾಲರ್ ಹುಡುಗಿಗೆ ಕ್ಷಮೆ ಕೇಳಿದ್ದೂ ಹಾಗೇ. ಮತ್ತೆ ಎಲ್ಲರೆದುರು ಕೇಳಿದ್ದರೆ ಅದು ಇನ್ನೊಂದು ಚಪ್ಪಾಳೆಯಾಗುತ್ತಿತ್ತು. ಶೋಲ್ಡರಿನವಳು ಅವಳ ಮೆಷಿನ್ನಿಗೆ ಮತ್ತೆ ಕೂರೋಕೆ ಎರಡು ತಿಂಗಳು ಹಿಡಿಯಿತು.

ಮ್ಯಾನೇಜರಿಗೆ ಮಾತ್ರ ಇದು ಹಿಡಿಸಿಲ್ಲ. ತಿಂಗಳ ಕೊನೆಗೆ ‘ಬೆಸ್ಟ್ ಆಪರೇಟರ್ ಹೆಸರು ಕೊಡಮ್ಮ’ ಅಂತಾರೆ. ಲೈನ್ ನಂಬರ್ ಬರೆದು ಕೊಡುತ್ತೇನೆ.