ನೋವು ನಿಜವೋ ಸುಳ್ಳೋ? ಗೋಡೆ ಗಡಿಯಾರ ಹೇಳುತ್ತದೆ

ಚಿಂತಾಮಣಿ ಕಡೆಯ ಒಂದು ಹಳ್ಳಿಯಿಂದ ಚೊಚ್ಚಲ ಬಸುರಿಯೊಬ್ಬಳು ಒಂದೇ ವಾರದಲ್ಲಿ ಮೂರು ಸಲ ನಮ್ಮ ಹೆರಿಗೆ ವಾರ್ಡಿಗೆ ಬಂದಿದ್ದಳು. ಮೂರು ಸಲವೂ ಬಾಡಿಗೆ ಕಾರು, ಜೊತೆಗೆ ಅಮ್ಮ, ಅತ್ತೆ, ಚಿಕ್ಕಮ್ಮ. ಮೂರು ಸಲವೂ ಸುಳ್ಳು ನೋವು, ಅಂದರೆ ಹೊಟ್ಟೆ ಬಿಗಿದು ಬಿಡುತ್ತದೆ, ಹೆರಿಗೆಯಾಗುವುದಿಲ್ಲ. ನಾಲ್ಕನೇ ಸಲ ನೋವು ಬಂದಾಗ ಮನೆಯವರು "ಇದೂ ಅಂಥದ್ದೇ, ಬೆಳಗಾಗಲಿ ನೋಡೋಣ" ಎಂದು ಮಲಗಿಬಿಟ್ಟರು. ಮಗು ಹುಟ್ಟಿದ್ದು ಆಂಬುಲೆನ್ಸ್‌ನಲ್ಲಿ, ಕೈವಾರ ಕ್ರಾಸ್ ಹತ್ತಿರ. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಮೂವತ್ತು ವರ್ಷ ಕಳೆದವಳು ನಾನು. ಕಂಡ ಎಡವಟ್ಟುಗಳೆಲ್ಲ ಹೆಚ್ಚುಕಡಿಮೆ ಎರಡೇ ಥರ. ಸುಳ್ಳು ನೋವಿಗೆ ಓಡಿ ಬರುವುದು, ನಿಜವಾದ ನೋವು ಬಂದಾಗ ಮನೆಯಲ್ಲೇ ಕೂತುಬಿಡುವುದು. ನಮ್ಮ ಶಿಡ್ಲಘಟ್ಟದ ಕಡೆ ಹೆಂಗಸರು ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗಿದೆಯೋ ಇಲ್ಲವೋ ಅಂತ ತಟ್ಟೆ ನೋಡಿದ ತಕ್ಷಣ ಹೇಳುತ್ತಾರೆ. ಅದು ಹತ್ತಾರು ಬೆಳೆ ನೋಡಿ ಬಂದ ಕಣ್ಣು. ಹೆರಿಗೆ ನೋವು ಬರುವುದು ಜನ್ಮಕ್ಕೆ ಒಂದೋ ಎರಡೋ ಸಲ. ಹಾಗಾಗಿ ಕಣ್ಣಳತೆ ಸಾಲುವುದಿಲ್ಲ, ಬರೆದು ನೋಡಬೇಕು.

ಹೆಜ್ಜೆ 1: ದಿನ ಲೆಕ್ಕ ಹಾಕಿ

ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ. ಜನವರಿ 10 ಆಗಿದ್ದರೆ ಅಕ್ಟೋಬರ್ 17. ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ, ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ. ಆ ದಿನವೇ ಹೆರಿಗೆಯಾಗುವುದು ನೂರಕ್ಕೆ ನಾಲ್ಕೈದು ಜನಕ್ಕೆ ಅಷ್ಟೇ, ಆದ್ದರಿಂದ ತಾರೀಕು ದಾಟಿತು ಅಂತ ಗಾಬರಿಯಾಗಿ ಹರಳೆಣ್ಣೆ ಕುಡಿಸಬೇಡಿ. ಹರಳೆಣ್ಣೆ ಕುಡಿದು ಭೇದಿ ಹತ್ತಿ, ಸುಸ್ತಾಗಿ, ಗ್ಲೂಕೋಸ್ ಹಾಕಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ತಾರೀಕು ಮೀರಿದರೆ ಡಾಕ್ಟರಿಗೆ ತೋರಿಸಿ. ಊರಲ್ಲೇ ಯಾರೋ ನೋವು ಬರಿಸುವ ಇಂಜೆಕ್ಷನ್ ಕೊಡುತ್ತೇನೆ ಅಂದರೆ ಬಾಗಿಲು ಹಾಕಿಕೊಳ್ಳಿ. ಆ ಔಷಧಿಯನ್ನು ಆಸ್ಪತ್ರೆಯಲ್ಲಿ ನಾವು ಹನಿಹನಿಯಾಗಿ ಕೊಡುತ್ತೇವೆ, ಮಗುವಿನ ಎದೆಬಡಿತ ಕೇಳುತ್ತಲೇ ಇರುತ್ತೇವೆ. ಮನೆಯಲ್ಲಿ ಒಂದೇ ಸಲ ಚುಚ್ಚಿದರೆ ಗರ್ಭಕೋಶ ಒಡೆಯಬಹುದು.

ಹೆಜ್ಜೆ 2: ಮುನ್ಸೂಚನೆ ಗಮನಿಸಿ, ಬ್ಯಾಗ್ ಕಟ್ಟಿಡಿ

ಹೊಟ್ಟೆ ಕೆಳಗಿಳಿಯುತ್ತದೆ. ಉಸಿರಾಟ ಸಲೀಸಾಗುತ್ತದೆ, ಮೂತ್ರಕ್ಕೆ ಹೋಗುವುದು ಜಾಸ್ತಿಯಾಗುತ್ತದೆ. ಚೊಚ್ಚಲಾದರೆ ಇದು ಹೆರಿಗೆಗೆ ಎರಡು ವಾರ, ನಾಲ್ಕು ವಾರ ಮೊದಲೇ ಆಗಬಹುದು. ಎರಡನೇ ಮಗುವಾದರೆ ನೋವು ಶುರುವಾಗುವವರೆಗೂ ಇಳಿಯದಿರಬಹುದು. ಸೊಂಟ ಹಿಡಿದಂತಾಗುತ್ತದೆ, ಕೆಲವರಿಗೆ ಒಂದೆರಡು ಸಲ ಭೇದಿಯಾಗುತ್ತದೆ. ಲೋಳೆಯಂಥದ್ದು, ಅದರಲ್ಲಿ ತುಸು ರಕ್ತದ ಎಳೆ ಸೇರಿ ಹೋಗುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದ ಲೋಳೆ ಅದು. ಹೋಯಿತು ಅಂದರೆ ಬಾಯಿ ಮೆತ್ತಗಾಗುತ್ತಿದೆ ಅಂತ. ಹೆರಿಗೆ ಅವತ್ತೇ ಆಗಬಹುದು, ವಾರ ಬಿಟ್ಟೂ ಆಗಬಹುದು.

ಇದ್ಯಾವುದಕ್ಕೂ ಕಾರು ಕರೆಯಬೇಕಿಲ್ಲ. ಬ್ಯಾಗಿಗೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ಒಗೆದ ಹತ್ತಿ ಬಟ್ಟೆ, ಮಗುವಿಗೆ ಟೋಪಿ ಹಾಕಿಡಿ, ಸಾಕು.

ಹೆಜ್ಜೆ 3: ನೋವು ಬರೆದಿಡಿ

ಮೊದಲು ಒಂದು ಮಾತು. ಗಡಿಯಾರ ನೋಡುತ್ತಾ ಕೂರುವುದು ಎಲ್ಲರಿಗೂ ಅಲ್ಲ. ಹಿಂದಿನದು ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಮಗು ಅಡ್ಡ ಇದೆ ಅಥವಾ ಕಾಲು ಮುಂದಿದೆ ಅಂದಿದ್ದರೆ, ಬಿಪಿ ಇದ್ದರೆ ಮೊದಲ ನೋವಿಗೇ ಹೊರಡಿ. 37 ವಾರ ತುಂಬುವ ಮೊದಲು ಬಿಟ್ಟು ಬಿಟ್ಟು ನೋವು ಬಂದರೂ ಅಷ್ಟೇ. ಬೇಗ ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡಲು ಸಮಯ ಸಿಗುತ್ತದೆ.

ಉಳಿದವರು ಹೀಗೆ ಮಾಡಿ. ನೋವು ಬಂತು ಅನ್ನಿಸಿದ ತಕ್ಷಣ ಎರಡು ಲೋಟ ನೀರು ಕುಡಿಯಿರಿ. ಮೂತ್ರ ಮಾಡಿ ಬನ್ನಿ. ಮಲಗಿದ್ದವರು ಎದ್ದು ನಡೆಯಿರಿ, ಓಡಾಡುತ್ತಿದ್ದವರು ಎಡ ಮಗ್ಗುಲಿಗೆ ಮಲಗಿ. ಸುಳ್ಳು ನೋವು ಇಷ್ಟಕ್ಕೇ ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಕುಡಿಯದೆ ತೋಟದಲ್ಲಿ ಟೊಮೆಟೊ ಬಿಡಿಸಿದ ದಿನ ಇಂಥ ನೋವು ಜಾಸ್ತಿ. ನಮ್ಮ ಕಡೆ ಅಜ್ಜಿಯರು ಜೀರಿಗೆ ಕಷಾಯ ಕೊಡುತ್ತಾರೆ. ನೋವು ನಿಂತರೆ ಉಷ್ಣದ ನೋವು, ನಿಲ್ಲದಿದ್ದರೆ ಹೆರಿಗೆ ನೋವು ಅಂತ ಅವರ ಲೆಕ್ಕ. ನಿಲ್ಲಿಸಿದ್ದು ಜೀರಿಗೆಯೋ, ಕಷಾಯದ ನೀರೋ, ಅರ್ಧ ಗಂಟೆ ಕೂತು ಸುಧಾರಿಸಿಕೊಂಡಿದ್ದೋ! ಕುಡಿಯಿರಿ, ನನ್ನ ತಕರಾರಿಲ್ಲ.

ಇಷ್ಟಾದ ಮೇಲೂ ನೋವು ಬರುತ್ತಿದ್ದರೆ ಹಳೆ ಕ್ಯಾಲೆಂಡರ್ ಹಾಳೆ ತಿರುಗಿಸಿ, ಮೇಲಿನಿಂದ ಕೆಳಗೆ ಮೂರು ಸಾಲು ಮಾಡಿಕೊಳ್ಳಿ. ಶುರುವಾದ ಹೊತ್ತು, ಇಳಿದ ಹೊತ್ತು, ಅಂತರ. ಬಸುರಿ "ಬಂತು" ಅನ್ನಲಿ, "ಹೋಯ್ತು" ಅನ್ನಲಿ, ಬರೆಯುವ ಕೆಲಸ ಬೇರೆಯವರದು. ಗಂಡನಿಗೆ ಕೊಡಿ. ಕೈಯಲ್ಲಿ ಕೆಲಸವಿದ್ದರೆ ಗಾಬರಿ ಕಡಿಮೆ.

ತಪ್ಪಾಗುವುದು ಮೂರನೇ ಸಾಲಿನಲ್ಲಿ. ನೋವು 9:10ಕ್ಕೆ ಶುರುವಾಯಿತು, 9:11ಕ್ಕೆ ಇಳಿಯಿತು, ಮತ್ತೆ 9:17ಕ್ಕೆ ಬಂತು ಅಂದುಕೊಳ್ಳಿ. ಅಂತರ ಎಷ್ಟು? ಹತ್ತರಲ್ಲಿ ಎಂಟು ಜನ ಆರು ನಿಮಿಷ ಅನ್ನುತ್ತಾರೆ. ಏಳು. ಒಂದು ನೋವಿನ ಶುರುವಿನಿಂದ ಮುಂದಿನ ನೋವಿನ ಶುರುವಿಗೆ ಲೆಕ್ಕ. ಫೋನಿನಲ್ಲಿ ನಾವು "ಎಷ್ಟು ನಿಮಿಷಕ್ಕೊಂದು ಬರ್ತಿದೆ?" ಎಂದು ಕೇಳುವುದು ಇದನ್ನೇ. ಇನ್ನೊಂದು ತಪ್ಪು, ಎರಡು ನೋವು ಅಳೆದು ತೀರ್ಮಾನಕ್ಕೆ ಬರುವುದು. ಒಂದು ಗಂಟೆಯಾದರೂ ಬರೆಯಿರಿ.

ಆಮೇಲೆ ಅಂತರದ ಸಾಲನ್ನು ಮೇಲಿನಿಂದ ಕೆಳಗೆ ಓದಿ. 8, 20, 6, 35, 12 ಅಂತ ಹೇಗೆ ಬೇಕೋ ಹಾಗೆ ಇದ್ದರೆ ಸುಳ್ಳು ನೋವು. ಅದು ಸಾಮಾನ್ಯವಾಗಿ ಹೊಟ್ಟೆಯ ಮುಂಭಾಗದಲ್ಲಿ ಬಿಗಿದು ಅಲ್ಲೇ ಬಿಡುತ್ತದೆ. 12, 11, 10, 8, 8, 7 ಅಂತ ಇಳಿಯುತ್ತಾ ಬಂದರೆ, ಪ್ರತಿ ನೋವೂ ಹಿಂದಿನದಕ್ಕಿಂತ ಉದ್ದವಾದರೆ, ಮಲಗಿದರೂ ನಡೆದರೂ ಬಿಡದಿದ್ದರೆ ಅದು ನಿಜವಾದದ್ದು. ಇದು ಬಹಳ ಜನರಿಗೆ ಸೊಂಟದಲ್ಲಿ ಶುರುವಾಗಿ ಮುಂದಕ್ಕೆ ಸುತ್ತಿ ಬರುತ್ತದೆ.

ಜೋರು ಎಷ್ಟು ಅನ್ನುವುದಕ್ಕೆ ನಾವು ನರ್ಸುಗಳು ಕಲಿತ ಒಂದು ಅಳತೆ ಇದೆ. ನೋವು ಬಂದಾಗ ಹೊಟ್ಟೆಯ ಮೇಲ್ಭಾಗಕ್ಕೆ ಅಂಗೈ ಇಡಿ. ಬೆರಳಿನಿಂದ ಒತ್ತಿದರೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಸಣ್ಣ ನೋವು. ಗದ್ದದಷ್ಟು ಗಟ್ಟಿಯಿದ್ದರೆ ಮಧ್ಯಮ. ಹಣೆಯ ಹಾಗೆ ಬೆರಳು ಒಳಗೆ ಹೋಗಲೇ ಇಲ್ಲ ಅಂದರೆ ಜೋರು. ನೋವು ಇಳಿದ ಮೇಲೆ ಹೊಟ್ಟೆ ಪೂರ್ತಿ ಮೆತ್ತಗಾಗಬೇಕು. ಬಿಡುವೇ ಇಲ್ಲದೆ ಹಲಗೆಯಂತೆ ಬಿಗಿದೇ ಇದ್ದರೆ ಹಾಳೆ ಬಿಸಾಕಿ, ತಕ್ಷಣ ಹೊರಡಿ. ಮಾಸು ಒಳಗೇ ಬಿಟ್ಟುಕೊಂಡಿರಬಹುದು. ನೋವು ಬಂದಿರುವಾಗಲೇ ಬಸುರಿ ಮಾತಾಡುತ್ತಾಳೋ ನೋಡಿ. "ಅನ್ನಕ್ಕೆ ಇಟ್ಟಿದ್ದೀರಾ ಅತ್ತೆ?" ಅಂತ ಕೇಳುತ್ತಿದ್ದರೆ ಇನ್ನೂ ಹೊತ್ತಿದೆ. ಮಾತು ಅರ್ಧಕ್ಕೆ ನಿಂತು ಗೋಡೆ ಹಿಡಿದರೆ ನಿಜ.

ಮೊಬೈಲಿನಲ್ಲಿ ನೋವು ಅಳೆಯುವ ಆ್ಯಪ್ ಇವೆ. ನಡುವೆ ಜಾಹೀರಾತು ಬರುತ್ತದೆ, ಒಂದು ಸಲ ಗುಂಡಿ ಒತ್ತಲು ಮರೆತರೆ ಲೆಕ್ಕ ಪೂರ್ತಿ ಹಾಳು. ನನಗೆ ಕಾಗದವೇ ಸರಿ. ವಾರ್ಡಿಗೆ ಬಂದಾಗ ಆ ಹಾಳೆಯನ್ನು ಸಿಸ್ಟರ್ ಕೈಗೆ ಕೊಡಿ, ಅರ್ಧ ಪ್ರಶ್ನೆ ಕೇಳುವುದು ತಪ್ಪುತ್ತದೆ.

ಹೊರಡುವುದು ಯಾವಾಗ? ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಅನ್ನುವುದು ಪುಸ್ತಕದ ಲೆಕ್ಕ. ಅದು ಚೊಚ್ಚಲಿಗೆ, ಆಸ್ಪತ್ರೆ ಹತ್ತಿರ ಇದ್ದವರಿಗೆ. ಬಾಗೇಪಲ್ಲಿ ಆಚೆ ಗುಡ್ಡದ ಕಡೆಯ ಊರಾದರೆ, ಶ್ರೀನಿವಾಸಪುರದ ಮಾವಿನ ತೋಪಿನ ಒಳಗಿನ ಮನೆಯಾದರೆ ಏಳೆಂಟು ನಿಮಿಷಕ್ಕೆ ಬಂದಾಗಲೇ ಹೊರಡಿ. ಎರಡನೇ, ಮೂರನೇ ಹೆರಿಗೆಗೆ ಹತ್ತು ನಿಮಿಷಕ್ಕೊಂದು ಬಂದರೆ ಸಾಕು. ಎರಡನೆಯದು ಸರಸರ ಆಗಿಬಿಡುತ್ತದೆ. ಅನುಭವಸ್ಥೆ ಅಂತ ಧೈರ್ಯ ಮಾಡಿ ಕೂತವರೇ ಹೆಚ್ಚಾಗಿ ದಾರಿಯಲ್ಲಿ ಹೆತ್ತವರು.

ಹೆಜ್ಜೆ 4: ನೀರೋ, ಮೂತ್ರವೋ?

ಗರ್ಭದ ನೀರಿಗೆ ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ಉಮ್ಮನೀರು ಅನ್ನುತ್ತಾರೆ. ಅದು ಒಮ್ಮೆಲೇ ಸುರಿದರೆ ಯಾರಿಗೂ ಅನುಮಾನವಿಲ್ಲ. ತೊಟ್ಟು ತೊಟ್ಟಾಗಿ ಒಸರಿದಾಗ ಕಷ್ಟ. ತುಂಬಿದ ಬಸುರಿಗೆ ಕೆಮ್ಮಿದರೆ ಮೂತ್ರವೂ ಹೋಗುತ್ತದಲ್ವಾ?

ಮೂತ್ರ ಮಾಡಿ ಬಂದು, ಒಗೆದ ಬಿಳಿ ಪಂಚೆಯ ತುಂಡು ಮಡಚಿ ಇಟ್ಟುಕೊಳ್ಳಿ. ಬಿಳಿಯೇ ಆಗಬೇಕು. ಸುವಾಸನೆ ಹಾಕಿದ ಪ್ಯಾಡ್ ಖಂಡಿತ ಬೇಡ, ಬಣ್ಣವೂ ಗೊತ್ತಾಗುವುದಿಲ್ಲ, ವಾಸನೆಯೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಮನೆಯೊಳಗೆ ಓಡಾಡಿ ನೋಡಿ. ಹಳದಿಯಾಗಿ ಮೂತ್ರದ ವಾಸನೆ ಇದ್ದರೆ ಮೂತ್ರ. ನೀರಿನಂತೆ ತಿಳಿಯಾಗಿದ್ದು, ಬಿಗಿಹಿಡಿದರೂ ನಿಲ್ಲದೆ ಒಸರುತ್ತಿದ್ದರೆ ಗರ್ಭದ ನೀರು. ನೋವು ಒಂದೂ ಬರದಿದ್ದರೂ ಹೊರಡಬೇಕು. ನೀರಿನ ಚೀಲ ಒಡೆದ ಮೇಲೆ ಹೊತ್ತು ಕಳೆದಷ್ಟೂ ಸೋಂಕಿನ ಭಯ. ಅನುಮಾನ ಉಳಿದರೂ ಹೊರಡಿ, ಪರೀಕ್ಷೆ ನಾವು ಮಾಡುತ್ತೇವೆ. ಬಟ್ಟೆ ಹಸಿರಾಗಿಯೋ ಕಂದಾಗಿಯೋ ಕಂಡರೆ ಮಗು ಒಳಗೇ ಮಲ ಮಾಡಿದೆ ಅಂತ, ಆಗ ಅರ್ಧ ಗಂಟೆಯ ಪರೀಕ್ಷೆಯೂ ಬೇಡ. ಆ ಬಟ್ಟೆಯನ್ನು ಕವರಿನಲ್ಲಿ ಹಾಕಿಕೊಂಡು ಬನ್ನಿ.

ನೀರಿನ ಜೊತೆ ಹೊಕ್ಕುಳಬಳ್ಳಿ ಹೊರಗೆ ಜಾರಿದ್ದು ಕಂಡರೆ ಮುಟ್ಟಬೇಡಿ, ಒಳಗೆ ತಳ್ಳಬೇಡಿ. ಬಸುರಿ ಮಂಡಿಯೂರಿ, ಎದೆ ನೆಲಕ್ಕಿಟ್ಟು, ಸೊಂಟ ಮೇಲೆತ್ತಿರಲಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಹೆಜ್ಜೆ 5: ಇವಕ್ಕೆ ಲೆಕ್ಕ ಬೇಡ

ಮುಟ್ಟಿನ ಹಾಗೆ ಕೆಂಪಗೆ ರಕ್ತ ಹೋಗುವುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಕೈ ಊದುವುದು. ಜ್ವರ. ಇವುಗಳಲ್ಲಿ ಒಂದಿದ್ದರೂ ಸೀದಾ ಆಸ್ಪತ್ರೆ.

ಮಗುವಿನ ಮಿಸುಕಾಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. "ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತೆ" ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಸುಳ್ಳು. ಕೊನೆಯವರೆಗೂ ಮಿಸುಕಾಡಬೇಕು, ನೋವು ಶುರುವಾದ ಮೇಲೂ. ಕಡಿಮೆ ಅನ್ನಿಸಿದರೆ ಊಟ ಮಾಡಿ, ಎಡ ಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಗದಿದ್ದರೆ ಹೊರಡಿ. ಏನೂ ಮಿಸುಕಾಡುತ್ತಿಲ್ಲ ಅನ್ನಿಸಿದರೆ ಎಣಿಸುತ್ತಲೂ ಕೂರಬೇಡಿ. ಮನೆಯಲ್ಲೇ ಎದೆಬಡಿತ ಕೇಳುವ ಮೆಷಿನ್ ಆನ್‌ಲೈನ್‌ನಲ್ಲಿ ಮಾರುತ್ತಾರೆ. ದುಡ್ಡು ದಂಡ. ಗೊತ್ತಿಲ್ಲದವರು ತಾಯಿಯ ನಾಡಿ ಕೇಳಿಸಿಕೊಂಡು ಮಗು ಚೆನ್ನಾಗಿದೆ ಅಂತ ಮಲಗಿಬಿಡುತ್ತಾರೆ.

ಹೆಜ್ಜೆ 6: ಹೊರಡಿ

ಎಣ್ಣೆ ನೀರು ಹಾಕಿಸಿಕೊಂಡು ಹೊರಡುವುದು, ರಾಹುಕಾಲ ಕಳೆಯಲಿ ಅಂತ ಕಾಯುವುದು, ಎರಡೂ ಬೇಡ. ಹೊಟ್ಟೆ ತುಂಬ ಮುದ್ದೆ ತಿಂದು ಬರಬೇಡಿ, ನೋವಿನಲ್ಲಿ ವಾಂತಿಯಾಗುತ್ತದೆ. ಅಂಬಲಿ, ಎಳನೀರು ಸಾಕು.

ಜೋರು ನೋವಿನ ನಡುವೆ "ಕಕ್ಕಸಿಗೆ ಹೋಗ್ಬೇಕು" ಅಂದರೆ ಒಂಟಿಯಾಗಿ ಕಳಿಸಬೇಡಿ. ಬಹಳ ಸಲ ಅದು ಮಗುವಿನ ತಲೆ ಒತ್ತುತ್ತಿರುವುದು. ಆಗ ಬೈಕು, ಆಟೊ ಅಂತ ಓಡಬೇಡಿ. 108ಕ್ಕೆ ಹೇಳಿ, ಎಡ ಮಗ್ಗುಲಿಗೆ ಮಲಗಿಸಿ. ಅದರ ಸಿಬ್ಬಂದಿಗೆ ಹೆರಿಗೆ ಮಾಡಿಸುವ ತರಬೇತಿ ಇರುತ್ತದೆ.

ಆಂಬುಲೆನ್ಸಿಗೂ ದುಡ್ಡಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದರೂ ದುಡ್ಡಿಲ್ಲ. ಫೋನ್ ಮಾಡಿದಾಗ ಎಷ್ಟನೇ ಹೆರಿಗೆ, ಎಷ್ಟು ನಿಮಿಷಕ್ಕೊಂದು ನೋವು, ನೀರು ಹೋಗಿದೆಯೋ ಇಲ್ಲವೋ, ಇಷ್ಟು ಹೇಳಿ. ಊರಿನ ಹೆಸರೊಂದೇ ಹೇಳಿದರೆ ಸಾಲದು, ಒಂದೇ ಹೆಸರಿನ ಹಳ್ಳಿ ಎರಡು ಹೋಬಳಿಯಲ್ಲಿರುತ್ತದೆ. ತಾಲ್ಲೂಕು, ಹೋಬಳಿ, ಹಾಲಿನ ಡೈರಿಯಿಂದ ಎಷ್ಟನೇ ಬೀದಿ ಅಂತ ಬಿಡಿಸಿ ಹೇಳಿ. ರಾತ್ರಿಯಾದರೆ ಟಾರ್ಚ್ ಹಿಡಿದು ಒಬ್ಬರು ಊರ ತಿರುವಿನಲ್ಲಿ ನಿಂತಿರಲಿ.