ಮಳೆಗಾಲದ ಇಲಿ ಜ್ವರ: ಕೊಡಗಿನ ತೋಟ, ಗದ್ದೆ, ಕೊಟ್ಟಿಗೆಗಳಿಗೆ ಒಂದು ಕೈಪಿಡಿ

ಕೊಡಗಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬರುವ ಜ್ವರವೆಲ್ಲ ಮಳೆಯಲ್ಲಿ ನೆನೆದ ಜ್ವರವಲ್ಲ. ನಾಟಿಗೆ ಗದ್ದೆಗಿಳಿದವರು, ತೋಟದ ಚರಂಡಿ ಬಿಡಿಸಿದವರು, ಹಂದಿಗೂಡು ತೊಳೆದವರು, ಕೆಸರುಗದ್ದೆ ಕ್ರೀಡಾಕೂಟದಲ್ಲಿ ಓಡಿದವರು, ಇವರಲ್ಲಿ ಯಾರಿಗಾದರೂ ಒಂದೆರಡು ವಾರಗಳೊಳಗೆ ತೀವ್ರ ಮೈಕೈ ನೋವಿನೊಡನೆ ಜ್ವರ ಬಂದರೆ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರವಿರಬಹುದೆಂದು ಮೊದಲ ದಿನವೇ ಅನುಮಾನಿಸಬೇಕು. ಆರಂಭದಲ್ಲೇ ಹಿಡಿದರೆ ಅಗ್ಗದ ಮಾತ್ರೆಗಳಿಂದ ಗುಣವಾಗುವ ಈ ರೋಗ, ಒಂದು ವಾರ ಕಡೆಗಣಿಸಿದರೆ ಕೆಲವರಲ್ಲಿ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳಿಗೇ ಕೈಹಾಕುತ್ತದೆ.

ರೋಗಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿ ಮತ್ತು ಹೆಗ್ಗಣಗಳು ತಮಗೇನೂ ಆಗದೆ ಇದನ್ನು ಮೂತ್ರಪಿಂಡದಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಮೂತ್ರದಲ್ಲಿ ಹೊರಹಾಕುತ್ತವೆ. ದನ, ಹಂದಿ, ನಾಯಿಗಳೂ ಹಾಗೆ ಮಾಡಬಲ್ಲವು. ಬಿಸಿಲು ಬಿದ್ದು ಒಣಗಿದ ನೆಲದಲ್ಲಿ ರೋಗಾಣು ಬೇಗ ಸಾಯುತ್ತದೆ, ಆದರೆ ನಿಂತ ನೀರಿನಲ್ಲಿ ಮತ್ತು ಹಸಿ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ. ವಾರಗಟ್ಟಲೆ ಬಿಸಿಲು ಕಾಣದ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಅದಕ್ಕೆ ಹೇಳಿ ಮಾಡಿಸಿದ ಕಾಲ.

ಗದ್ದೆಯಲ್ಲಿ ದಿನವಿಡೀ ನಿಂತವರ ಪಾದಗಳನ್ನು ಸಂಜೆ ಒಮ್ಮೆ ನೋಡಬೇಕು. ಬೆರಳಸಂದಿನ ಚರ್ಮ ನೀರು ಕುಡಿದು ಬೆಳ್ಳಗಾಗಿ ಬಿರಿದಿರುತ್ತದೆ, ಹಿಮ್ಮಡಿಯಲ್ಲಿ ಸೀಳು, ಕಣಕಾಲಿನ ಸುತ್ತ ಜಿಗಣೆ ಕಚ್ಚಿ ಬಿಟ್ಟ ಗುರುತುಗಳನ್ನು ತುರಿಸಿ ತುರಿಸಿ ಹುಣ್ಣಾಗಿಸಿಕೊಂಡಿರುತ್ತಾರೆ. ಜಿಗಣೆ ಕಚ್ಚಿದ ಮಾತ್ರಕ್ಕೆ ಇಲಿ ಜ್ವರ ಬರುತ್ತದೆಂದು ತಿಳಿಯಬೇಕಾಗಿಲ್ಲ, ಆದರೆ ಅದು ಬಿಟ್ಟ ಗಾಯ ರೋಗಾಣುವಿಗೆ ತೆರೆದ ಬಾಗಿಲಾಗುತ್ತದೆ. ಕಣ್ಣು, ಮೂಗು, ಬಾಯಿಯ ಒಳಪದರದ ಮೂಲಕವೂ ರೋಗಾಣು ದೇಹ ಸೇರುವುದರಿಂದ ಕೆಸರುನೀರು ಮುಖಕ್ಕೆ ಎರಚಿದಾಗಲೂ ಅಪಾಯವಿದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರ ಅಪರೂಪವಾದ್ದರಿಂದ ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

ಗುರುತಿಸುವುದು ಹೇಗೆ?

ಸೋಂಕು ತಗುಲಿದ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ 2 ದಿನಕ್ಕೇ ಅಥವಾ 30 ದಿನ ಕಳೆದು, ಚಳಿಯೊಡನೆ ಹಠಾತ್ತನೆ ಜ್ವರ ಬರುತ್ತದೆ. ತಲೆನೋವು, ಸೊಂಟನೋವು, ವಾಂತಿ ಇತರ ಜ್ವರಗಳಲ್ಲೂ ಉಂಟು. ಇಲ್ಲಿ ವಿಶೇಷವಾಗಿ ನೋಡಬೇಕಾದವು ಎರಡು: ಮೀನಖಂಡವನ್ನು ಮೆಲ್ಲಗೆ ಒತ್ತಿದರೂ ರೋಗಿ ನೋವಿನಿಂದ ಕಾಲೆಳೆದುಕೊಳ್ಳುವುದು, ಮತ್ತು ಪಿಸುರು ಕಟ್ಟದೆಯೇ ಕಣ್ಣು ಕೆಂಪಾಗುವುದು. ಇವೆರಡೂ ಎಲ್ಲರಲ್ಲೂ ಕಾಣುವುದಿಲ್ಲವಾದ್ದರಿಂದ, ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನಿಸಬಾರದು.

ಕಣ್ಣು ಹಳದಿಯಾಗುವವರೆಗೆ ಕಾಯುವುದೇ ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸ ಎಂಬುದು ನನ್ನ ಅಭಿಪ್ರಾಯ. ಹಳದಿಯಾದ ಮೇಲೂ ಕಾಮಾಲೆಗೆ ನಾಟಿ ಔಷಧಿ ಕೊಡಿಸಿ ಪಥ್ಯದಲ್ಲಿಟ್ಟು ಇನ್ನೂ ನಾಲ್ಕು ದಿನ ಕಳೆಯುವವರಿದ್ದಾರೆ. ಇಲಿ ಜ್ವರದ ತೀವ್ರ ರೂಪದಲ್ಲಿ ಕಾಮಾಲೆಯೊಡನೆ ಮೂತ್ರಪಿಂಡವೂ ಸೋಲುತ್ತದೆಂಬುದನ್ನು ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲೇ ವಿವರಿಸಿದ್ದರು. ಮೂತ್ರ ಕಡಿಮೆಯಾಗುವುದು, ಉಸಿರಾಟ ಕಷ್ಟವಾಗುವುದು, ಕಫದಲ್ಲಿ ರಕ್ತ ಕಾಣುವುದು, ರೋಗಿ ಮಂಕಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಡಯಾಲಿಸಿಸ್ ಮತ್ತು ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಗೆ ಅದೇ ಹೊತ್ತಿಗೆ ಕರೆದೊಯ್ಯಬೇಕು.

ವೈದ್ಯರಲ್ಲಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಜ್ವರ ಶುರುವಾದ ದಿನಾಂಕ, ಹಿಂದಿನ ಒಂದು ತಿಂಗಳಲ್ಲಿ ಗದ್ದೆ, ತೋಡು, ಕೊಟ್ಟಿಗೆಗಳಲ್ಲಿ ಮಾಡಿದ ಕೆಲಸ, ಮನೆಯ ನಾಯಿಯೋ ದನವೋ ಕಾಯಿಲೆ ಬಿದ್ದಿದ್ದರೆ ಅದು, ಈಗಾಗಲೇ ನುಂಗಿದ ಮಾತ್ರೆಗಳು, ಇಷ್ಟನ್ನು ಬರೆದುಕೊಂಡು ಹೋಗುವುದು ಉತ್ತಮ. ದಿನಾಂಕಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಮೊದಲ ವಾರದಲ್ಲಿ ರೋಗಾಣು ರಕ್ತದಲ್ಲಿರುವುದರಿಂದ ಅದರ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಉಪಯುಕ್ತ. ಐಜಿಎಂ ಎಲೈಸಾ ಪರೀಕ್ಷೆ ಹುಡುಕುವುದು ಪ್ರತಿಕಾಯಗಳನ್ನು, ಅವು ಮೂಡಲು ಜ್ವರ ಬಂದು ಐದಾರು ದಿನಗಳಾದರೂ ಬೇಕು. ಎರಡನೆಯ ದಿನ ಎಲೈಸಾ ಮಾಡಿಸಿ ನೆಗೆಟಿವ್ ಬಂತೆಂದು ನಿಶ್ಚಿಂತರಾದರೆ ಆ ನಿಶ್ಚಿಂತೆಗೆ ಆಧಾರವಿಲ್ಲ. ಅನುಮಾನ ಉಳಿದರೆ ವಾರದ ನಂತರ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಮ್ಯಾಟ್ ಎಂಬ ಖಚಿತ ಪರೀಕ್ಷೆ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ನಡೆಯುತ್ತದೆ, ಅದಕ್ಕೆ ದಿನಗಳ ಅಂತರದಲ್ಲಿ ತೆಗೆದ ಎರಡು ರಕ್ತ ಮಾದರಿಗಳಿದ್ದರೆ ಒಳ್ಳೆಯದು. ರೋಗಾಣುವನ್ನು ಬೆಳೆಸಿ ನೋಡುವ ವಿಧಾನಕ್ಕೆ ವಾರಗಳೇ ಹಿಡಿಯುವುದರಿಂದ ಚಿಕಿತ್ಸೆಗೆ ಅದರಿಂದ ಪ್ರಯೋಜನವಿಲ್ಲ. ಇವುಗಳ ಜೊತೆಗೆ ರಕ್ತದ ಪ್ಲೇಟ್‌ಲೆಟ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್, ಕಾಮಾಲೆ ತಿಳಿಸುವ ಬಿಲಿರುಬಿನ್ ಪ್ರಮಾಣ ನೋಡುತ್ತಾರೆ. ಪ್ಲೇಟ್‌ಲೆಟ್ ಇಳಿದ ಕೂಡಲೇ ಡೆಂಗಿ ಎಂದುಕೊಳ್ಳಬಾರದು, ಇಲಿ ಜ್ವರದಲ್ಲೂ ಅದು ಇಳಿಯುತ್ತದೆ.

ಚಿಕಿತ್ಸೆ

ಲಕ್ಷಣ ಮತ್ತು ಕೆಲಸದ ವಿವರ ಹೊಂದಿಕೊಂಡರೆ ವೈದ್ಯರು ವರದಿಗೆ ಕಾಯದೆ ಔಷಧಿ ಆರಂಭಿಸುತ್ತಾರೆ. ಅದು ಆತುರವಲ್ಲ, ಸರಿಯಾದ ಕ್ರಮ. ಸೌಮ್ಯ ರೋಗವಿರುವ ವಯಸ್ಕರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ 7 ದಿನ. ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಅದರ ಬದಲು ಅಮಾಕ್ಸಿಸಿಲಿನ್ ಅಥವಾ ಅಜಿತ್ರೋಮೈಸಿನ್. ತೀವ್ರವಾದರೆ ಆಸ್ಪತ್ರೆಯಲ್ಲಿ ಪೆನ್ಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಕಾಡಂಚಿನ ಪೊದೆಗಳಲ್ಲಿರುವ ಹುಳದಿಂದ ಬರುವ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ, ಹೀಗಾಗಿ ಎರಡರ ನಡುವೆ ಗೊಂದಲವಿದ್ದಾಗ ಅದು ಒದಗಿಬರುತ್ತದೆ. ಮಾತ್ರೆಯನ್ನು ಊಟದ ನಂತರ ಲೋಟ ತುಂಬ ನೀರಿನೊಡನೆ ನುಂಗಬೇಕು, ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುವ ಸಂಭವವಿದೆ.

ಮೈಕೈ ನೋವಿಗೆಂದು ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳುವುದು ಈ ಜ್ವರದಲ್ಲಿ ಅಪಾಯಕರ, ಏಕೆಂದರೆ ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಅದು ಇನ್ನೊಂದು ಪೆಟ್ಟು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳಿದಷ್ಟೇ ಇರಲಿ.

ದನ, ಹಂದಿ, ನಾಯಿ

ದನಗಳಲ್ಲಿ ಗಬ್ಬ ಬಿದ್ದುಹೋಗುವುದು, ಕೆಚ್ಚಲು ಮೆತ್ತಗಾಗಿ ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಗಿಣ್ಣದಂತೆ ಹಳದಿಯಾಗಿ ಅಥವಾ ರಕ್ತ ಬೆರೆತು ಬರುವುದು ಮುಖ್ಯ ಸೂಚನೆಗಳು. ಕರುಗಳು ಕೆಂಪು ಮೂತ್ರ ಮಾಡಬಹುದು. ಕೆಂಪು ಮೂತ್ರಕ್ಕೆ ಉಣ್ಣಿ ಕಚ್ಚಿ ಬರುವ ಬೇಬಿಸಿಯೋಸಿಸ್ ಕೂಡ ಕಾರಣವಾಗುತ್ತದೆ, ಗಬ್ಬ ಹೋಗುವುದಕ್ಕೆ ಬ್ರುಸೆಲ್ಲೋಸಿಸ್ ಕೂಡ. ಆದ್ದರಿಂದ ಊಹೆಯ ಮೇಲೆ ಔಷಧಿ ಹಾಕಿಸದೆ ಪಶುವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಬೇಕು. ಬಿದ್ದ ಭ್ರೂಣ ಮತ್ತು ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು, ತೋಡಿಗೆ ಎಸೆಯಲೇಬಾರದು. ಕೈಗವಸು ತೊಟ್ಟು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಂದಿಗಳಲ್ಲಿ ಸತ್ತ ಮರಿಗಳು ಹುಟ್ಟಿದಾಗಲೂ ಇದೇ ಕ್ರಮ. ಹಂದಿ ಮತ್ತು ದನಗಳನ್ನು ಒಂದೇ ಚರಂಡಿಯ ನೀರು ಹಾಯುವಂತೆ ಕಟ್ಟಬಾರದು.

ತೋಟ ಸುತ್ತುವ ನಾಯಿ ಊಟ ಬಿಟ್ಟು, ವಾಂತಿ ಮಾಡಿ, ಒಸಡು ಹಳದಿಯಾದರೆ ತಡಮಾಡಬಾರದು. ನಾಯಿಗಳಿಗೆ ಹಾಕುವ ಸಂಯುಕ್ತ ಲಸಿಕೆಗಳಲ್ಲಿ ಸಾಮಾನ್ಯವಾಗಿ ಲೆಪ್ಟೊ ಅಂಶವೂ ಇರುತ್ತದೆ. ಅದರ ರಕ್ಷಣೆ ಸುಮಾರು ಒಂದು ವರ್ಷದ್ದು, ರೋಗಾಣುವಿನ ಎಲ್ಲ ಬಗೆಗಳಿಗೂ ಅನ್ವಯಿಸುವುದಿಲ್ಲ. ಆದರೂ ಪ್ರತಿ ವರ್ಷ ಮಳೆಗೆ ಮುನ್ನ, ಮೇ ತಿಂಗಳೊಳಗೆ ಹಾಕಿಸುವುದು ಲಾಭಕರ.

ತಡೆಯುವುದು

ಗಂಬೂಟು ಹಾಕಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ತೋಟದ ಕೆಲಸಕ್ಕೆ, ಕೊಟ್ಟಿಗೆ ತೊಳೆಯುವುದಕ್ಕೆ ಅದು ಸರಿ. ಕಾರ್ಮಿಕರ ಕಾಲಿನ ಅಳತೆ ನೋಡಿ ಕೊಡಿಸುವುದು ಮಾಲೀಕರ ಹೊಣೆ. ನಾಟಿಗದ್ದೆಯಲ್ಲಿ ಮಾತ್ರ ಬೂಟು ಕೆಸರಿನಲ್ಲಿ ಹೂತು ಕಾಲಷ್ಟೇ ಹೊರಬರುತ್ತದೆ. ಅಲ್ಲಿಗೆ ಇಳಿಯುವವರು ಗಾಯಗಳಿಗೆ ನೀರು ಹೋಗದ ಪಟ್ಟಿ ಅಂಟಿಸಿಕೊಂಡು, ಕೆಲಸ ಮುಗಿದೊಡನೆ ಶುದ್ಧ ನೀರು, ಸೋಪಿನಿಂದ ಕಾಲು ತೊಳೆದು ಬೆರಳಸಂದುಗಳನ್ನು ಒಣಗಿಸಿಕೊಳ್ಳಬೇಕು. ಆಳವಾದ ಗಾಯವಿದ್ದವರನ್ನು ಆ ದಿನ ಬೇರೆ ಕೆಲಸಕ್ಕೆ ಹಾಕಬೇಕು.

ನಮ್ಮಲ್ಲಿ ಮನುಷ್ಯರಿಗೆ ಲಸಿಕೆ ಬಳಕೆಯಲ್ಲಿಲ್ಲ. ಪ್ರವಾಹದ ನೀರಿನಲ್ಲಿ ಕೆಲಸ ಮಾಡುವವರಂಥ ಹೆಚ್ಚಿನ ಅಪಾಯದವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಕೊಡುವ ಕ್ರಮವಿದೆ. 2018ರ ಪ್ರವಾಹದ ನಂತರ ಕೇರಳದಲ್ಲಿ ಅದನ್ನು ವ್ಯಾಪಕವಾಗಿ ಹಂಚಲಾಗಿತ್ತು. ಕಾವೇರಿ ಉಕ್ಕಿ ಕರಡಿಗೋಡಿನಂಥ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿದಾಗ ಕೆಸರು ತೆಗೆಯಲು ಹೋಗುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಬಹುದು. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿಗೆ ಇದು ಸಲ್ಲದು.

ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಸುತ್ತ ಇಲಿ ಕಡಿಮೆಯಾಗಬೇಕಾದರೆ ಪಾಷಾಣಕ್ಕಿಂತ ಮೊದಲು ಅನ್ನದ ಮುಸುರೆ, ಹಿಂಡಿ, ಬೂಸಾಗಳನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡುವ ವ್ಯವಸ್ಥೆಯಾಗಬೇಕು. ಬೋನಿಗೆ ಬಿದ್ದು ಸತ್ತ ಇಲಿಯನ್ನು ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಸುತ್ತಿದ ಕೈಯಿಂದ ಎತ್ತಿ ಹೂತು, ಬೋನನ್ನು ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಲ್ಲಿ ತೊಳೆದು ಒಣಗಿಸಬೇಕು. ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು, ನೀರಿನ ಟ್ಯಾಂಕಿಗೆ ಮುಚ್ಚಳವಿರಬೇಕು.